ಹಿಂದಿನ ಎಡ ಕಿವಿ

ನಮ್ಮ ದೊಡ್ಡ ಸರ್ ತೀರಿಕೊಂಡ ಮೇಲೆ ಶಾಲೆಯಲ್ಲೊಂದು ಶ್ರದ್ಧಾಂಜಲಿ ಸಭೆ ನಡೆಯಿತು. ಸತ್ತವರನ್ನು ಹೊಗಳುವ ವಿಷಯದಲ್ಲಿ ನಮ್ಮ ಕಡೆಯವರು ಕೈ ಬಿಗಿ ಹಿಡಿಯುವುದಿಲ್ಲ. ಅವರ ಬಿಳಿ ಕಾರು ಬರುವುದು ಕಂಡರೆ ಜಾಲಿ ಕಂಟಿಯ ಹಿಂದೆ ಅಡಗಿ ನಿಂತು ಬಸ್ಸಿಗೆ ಕಾಯುತ್ತಿದ್ದವರೂ ಅಂದು ಮೈಕಿನ ಮುಂದೆ ಕಣ್ಣೊರೆಸಿಕೊಂಡರು. ಶಾಲಾ ಸಮಿತಿಯ ಅಧ್ಯಕ್ಷರಂತೂ, “ಅವರದೊಂದು ದೊಡ್ಡ ಗುಣಾರಿ. ಸಣ್ಣಾವ ಇರ್ಲಿ, ದೊಡ್ಡಾವ ಇರ್ಲಿ, ಎಲ್ಲಾರ ಮಾತೂ ಕಿವಿಗೊಟ್ಟ ಕೇಳತಿದ್ರು” ಎಂದರು. ನನ್ನ ಪಕ್ಕದಲ್ಲಿ ಕೂತಿದ್ದ ಮುಲ್ಲಾ ಸರ್‌ಗೆ ತಟ್ಟನೆ ಕೆಮ್ಮು ಬಂತು. ನಾನು ಸೆರಗನ್ನು ಬಾಯಿಗೆ ಒತ್ತಿ ಹಿಡಿದೆ. ಹಿಂದಿನ ಸಾಲಿನವರು ನಾನು ಅಳುತ್ತಿದ್ದೇನೆಂದು ತಿಳಿದು ನೀರು ತಂದುಕೊಟ್ಟರು.

ಅವರ ಹೆಸರು ಬರೆಯುವುದಿಲ್ಲ. ಬರೆದರೆ ಮಗಳು ನೋಟಿಸು ಕಳಿಸಿಯಾಳು, ಹುಬ್ಬಳ್ಳಿಯಲ್ಲಿ ವಕೀಲಿ ಮಾಡುತ್ತಾಳೆ. ಅವರು ನಮ್ಮ ಹೈಸ್ಕೂಲಿನ ಮುಖ್ಯೋಪಾಧ್ಯಾಯರು, ಗಣಿತದವರು. ನಾನು ಕನ್ನಡದವಳು, ಮುಲ್ಲಾ ಸರ್ ಹಿಂದಿಯವರು, ಬಡಿಗೇರ ಸರ್ ದೈಹಿಕ ಶಿಕ್ಷಣದವರು. ನಾಲ್ಕೂ ಜನ ಅಣ್ಣಿಗೇರಿಯಲ್ಲಿ ಮನೆ ಮಾಡಿಕೊಂಡು ನವಲಗುಂದದ ಕಡೆಯ ಒಂದು ಎರೆಮಣ್ಣಿನ ಊರಿಗೆ ದಿನಾ ಹೋಗಿಬರುವವರು. ಬಸ್ಸು ತನಗೆ ಮನಸ್ಸಾದಾಗ ಬರುತ್ತಿತ್ತು. ದೊಡ್ಡ ಸರ್ ಕಾರು ಮಾತ್ರ ಗಡಿಯಾರ ನೋಡಿಕೊಂಡು ಬರುತ್ತಿತ್ತು. “ಹತ್ರಿ ಅಕ್ಕೋರ, ಬಸ್ಸಿನಾಗ ಯಾಕ ಒದ್ದಾಡ್ತೀರಿ” ಎಂದು ಅವರೇ ಕರೆದು ಕೂಡಿಸಿಕೊಳ್ಳುತ್ತಿದ್ದರು. ಇಷ್ಟು ಉದಾರಿಗಳು ಜಗತ್ತಿನಲ್ಲಿ ಇದ್ದಾರಲ್ಲ ಎಂದು ನಾನು ಮೊದಮೊದಲು ಕರಗಿಹೋಗಿದ್ದೆ. ಆಮೇಲೆ ಗೊತ್ತಾಯಿತು, ಆ ಕಾರಿನಲ್ಲಿ ಕೂತವರು ಪ್ರಯಾಣಿಕರಲ್ಲ, ವಿದ್ಯಾರ್ಥಿಗಳು.

ಅವರ ರೀತಿಯೇ ಹಾಗೆ. ತರಗತಿಯಲ್ಲಿ ಲೆಕ್ಕ ಹಾಕಿ, “ಯಾರಿಗೆ ಬಂತು, ಕೈ ಎತ್ರಿ” ಎನ್ನುತ್ತಿದ್ದರು. ಎತ್ತಿದವರು ಬಾಯಲ್ಲಿ ಉತ್ತರ ಹೇಳುವಂತಿಲ್ಲ. “ಬಾಯಿ ಬ್ಯಾಡ. ಬೋರ್ಡಿಗೆ ಬಾ, ಬರದ ತೋರ್ಸು.” ಒಮ್ಮೆ ಮೇಲಿನಿಂದ ತಪಾಸಣೆಗೆ ಬಂದವರು ಇದನ್ನು ನೋಡಿ ಪುಲಕಿತರಾದರು. ಮಗುವನ್ನು ಬಾಯಿಪಾಠದಿಂದ ಬಿಡುಗಡೆ ಮಾಡುವ ಹೊಸ ಬೋಧನಾ ಕ್ರಮ ಎಂದು ಹೊಗಳಿ, ತಾಲ್ಲೂಕಿನ ಎಲ್ಲ ಮಾಸ್ತರರಿಗೂ ತರಬೇತಿ ಕೊಡಲು ಅವರನ್ನೇ ಕಳಿಸಿದರು. ತರಬೇತಿಯಲ್ಲಿ ಮಾಸ್ತರರು ಪ್ರಶ್ನೆ ಕೇಳಿದರೆ ಅವರನ್ನೂ ಬೋರ್ಡಿಗೆ ಕರೆದರಂತೆ. ಫೋನು ಬಂದರೆ ಅವರು ಎತ್ತುತ್ತಿರಲಿಲ್ಲ, ಎದುರಿಗಿದ್ದವರ ಕೈಗೆ ಕೊಟ್ಟು, “ನೀವ ಮಾತಾಡ್ರಿ, ಏನಂತಾರ ನನಗ ಆಮ್ಯಾಲ ಹೇಳ್ರಿ” ಎನ್ನುತ್ತಿದ್ದರು. ಸ್ಟಾಫ್ ಮೀಟಿಂಗಿನಲ್ಲಿ ಒಬ್ಬೊಬ್ಬರೇ ಎದ್ದು ಅವರ ಮೇಜಿನ ಮುಂದೆ ಬಂದು, ಮುಖಕ್ಕೆ ಮುಖ ಕೊಟ್ಟು ಮಾತಾಡಬೇಕು. ದೊಡ್ಡಸ್ತಿಕೆ ಅಂದರೆ ಇದಪ್ಪಾ ಎಂದು ನಾವು ಹಲ್ಲು ಕಡಿಯುತ್ತಿದ್ದೆವು.

ಸಾಲದ್ದಕ್ಕೆ ಅವರು ಹುಟ್ಟಿದ್ದು ಕುಂದಗೋಳದಲ್ಲಿ. ಆ ಊರಿನಲ್ಲಿ ಹುಟ್ಟಿದವರಿಗೆ ಸಂಗೀತ ತಾನಾಗಿಯೇ ಬಂದುಬಿಡುತ್ತದೆ ಎಂಬುದರಲ್ಲಿ ಅವರಿಗೆ ಅನುಮಾನವಿರಲಿಲ್ಲ. “ಕುಂದಗೋಳದ ಕಿವಿರಿ ಇವು” ಎಂದು ಎರಡೂ ಕಿವಿಯ ಹಾಲೆ ಹಿಡಿದು ತೋರಿಸುತ್ತಿದ್ದರು, ಉಟಾಬಸಿ, ಅಂದರೆ ಬಸ್ಕಿ, ತೆಗೆಯುವವರ ಹಾಗೆ. ಅವರು ಹಾಡಿದ್ದನ್ನಾಗಲಿ ಬಾರಿಸಿದ್ದನ್ನಾಗಲಿ ಕಂಡವರಿಲ್ಲ. ಕಿವಿ ತೋರಿಸಿದ್ದನ್ನು ಮಾತ್ರ ಎಲ್ಲರೂ ಕಂಡಿದ್ದೇವೆ.

ಸಂಕ್ರಾಂತಿಗೆ ಬಂದ ಮಗಳು ಅಪ್ಪನ ಕಾರಿನಲ್ಲಿ ಗದಗಿಗೆ ಹೋಗಿಬಂದಳು. ಮರುದಿನ ಬೆಳಗ್ಗೆ ಕಾರು ಹತ್ತಿದ ನಮಗೆ ದೊಡ್ಡ ಸರ್ ಗಂಭೀರವಾಗಿ ಒಂದು ಸುದ್ದಿ ಹೇಳಿದರು.

“ಗಾಡಿಯೊಳಗ ಒಂದು ಆವಾಜ್ ಐತಿ.”

ನಾವು ಮುಖ ಮುಖ ನೋಡಿಕೊಂಡೆವು. ಆ ಆವಾಜ್ ದಸರೆಯಿಂದಲೇ ಇತ್ತು. ಕಾರು ಸ್ವಲ್ಪ ವೇಗ ಹಿಡಿದರೆ ಸಾಕು, ಹಿಂದಿನಿಂದ ‘ಕುಂಯ್ಯ್’ ಎಂದು ಶುರುವಾಗಿ, ವೇಗ ಏರಿದಂತೆ ತಾನೂ ಏರುತ್ತಿತ್ತು. ಹೇಳಲು ನಮಗೇನು ಧಾಡಿ ಎಂದು ನೀವು ಕೇಳಬಹುದು. ಪುಕ್ಕಟೆ ಕೂಡಿಸಿಕೊಂಡು ಹೋಗುವವರಿಗೆ, ಅದರಲ್ಲೂ ಹೆಡ್ಮಾಸ್ತರರಿಗೆ, ನಿಮ್ಮ ಗಾಡಿ ಕುಂಯ್ಗುಡುತ್ತದೆ ಎಂದು ನಮ್ಮ ಕಡೆ ಯಾರೂ ಹೇಳುವುದಿಲ್ಲ. ಕುಂದಗೋಳದ ಕಿವಿಗೆ ಕೇಳದೆ ಇದ್ದೀತೇ, ಕೇಳಿಯೂ ಸುಮ್ಮನಿದ್ದಾರೆ, ಏನೋ ಕಾರಣವಿರಬೇಕು ಎಂದು ನಾವೂ ಸುಮ್ಮನಿದ್ದೆವು.

“ನನ್ನ ಮಗಳು ತಕರಾರ ತಗದಾಳ” ಎಂದರು. “ಯುಗಾದಿಗೆ ಬರತೇನಿ, ಅಷ್ಟರಾಗ ಈ ಆವಾಜ್ ಹೋಗಲಿಲ್ಲಂದ್ರ ಗಾಡಿ ಮಾರೂದು, ನೀ ಸ್ಟೇರಿಂಗ್ ಬಿಡೂದು ಅಂದಾಳ. ವಕೀಲರ ಮಾತು ನೋಡ್ರಿ, ಮುದ್ದತ್ ಹಾಕಿ ಹೋಗ್ಯಾಳ. ಈ ಗಾಡಿ ಬಿಟ್ರ ನಾ ಏನ್ ಮಾಡ್ಲಿ? ಅಂಗಳದಾಗ ಕುರ್ಚಿ ಹಾಕ್ಕೊಂಡ ಕೂಡ್ಲೇನು?”

ನಗುತ್ತಲೇ ಹೇಳಿದರು. ಆದರೆ ಸ್ಟೇರಿಂಗ್ ಚಕ್ರವನ್ನು ಅವರು ಹಿಡಿದುಕೊಂಡಿದ್ದ ರೀತಿ ನಗುವವರದಾಗಿರಲಿಲ್ಲ. ಆ ಕಾರು ಅವರ ಪ್ರಾಣ. ನಿವೃತ್ತಿಗೆ ಇನ್ನು ಒಂದೇ ವರ್ಷವಿತ್ತು. ಆಮೇಲೆ ತಾನು ಎಲ್ಲಿಗೆ ಹೇಗೆ ಹೋಗುವವನು ಎಂಬುದಕ್ಕೆ ಅವರ ಬಳಿ ಇದ್ದ ಉತ್ತರ ಆ ಕಾರೊಂದೇ.

ಗ್ಯಾರೇಜಿಗೆ ಒಯ್ಯಿರಿ ಎಂದು ಬಡಿಗೇರ ಸರ್ ಹೇಳಿದರು. ಅಷ್ಟು ಸರಳವಾಗಿ ಮುಗಿಯುವ ಕೆಲಸವನ್ನು ಗಣಿತದವರು ಮಾಡುವುದಿಲ್ಲ. “ಗ್ಯಾರೇಜಿನಾವ ಒಂದೊಂದ ಬಿಚ್ಚಿ ಒಗೀತಾನ. ಆವಾಜ್ ಎಲ್ಲಿಂದ ಬರಾಕತ್ತೈತಿ ಅನ್ನೂದನ್ನ ನಾವ ಸಿದ್ಧ ಮಾಡಿ ತೋರಿಸೋಣು. ಗಾಡಿ ನಿಂತಾಗ ಆವಾಜ್ ಇಲ್ಲ, ಓಡೂ ಮುಂದನ ಹಿಡೀಬೇಕು” ಎಂದು ಆಗಲೇ ನಮಗೆ ಕೆಲಸ ಹಂಚಿದರು. ಅವರ ಪಕ್ಕದಲ್ಲಿ ಕೂಡುವ ಬಡಿಗೇರ ಸರ್ ಮುಂದಿನ ಕಿವಿ. ಮುಲ್ಲಾ ಸರ್ ಹಿಂದಿನ ಬಲ ಕಿವಿ. ನಾನು ಹಿಂದಿನ ಎಡ ಕಿವಿ. ಎಂ.ಎ. ಮಾಡಿ, ಬಿ.ಎಡ್. ಮಾಡಿ, ಕೊನೆಗೆ ಕಾರಿನ ಒಂದು ಕಿವಿಯಾಗುವ ಯೋಗ ನನ್ನ ಹಣೆಯಲ್ಲಿ ಬರೆದಿತ್ತು.

ಅವರ ಪದ್ಧತಿ ಇಲ್ಲಿಯೂ ಅದೇ. ಬಾಯಿ ಬಿಡುವಂತಿಲ್ಲ. “ಆವಾಜ್ ಏರಿದ್ರ ಕೈ ಎತ್ರಿ. ಇಳದ್ರ ಇಳಸ್ರಿ. ಪೂರ್ತಿ ನಿಂತ್ರ ತೊಡಿ ಮ್ಯಾಲ ಇಡ್ರಿ.” ಇದಕ್ಕಾಗಿ ಒಳಗಿನ ಕನ್ನಡಿಯನ್ನು ನಮ್ಮ ಕಡೆಗೆ ತಿರುಗಿಸಿಕೊಂಡರು. ಹಿಂದೆ ಬರುವ ಲಾರಿ ಅವರಿಗೆ ಕಾಣುತ್ತಿರಲಿಲ್ಲ, ನಮ್ಮ ಮುಖ ಸ್ಪಷ್ಟವಾಗಿ ಕಾಣುತ್ತಿತ್ತು.

ಮೊದಲ ದಿನ ಎಂಜಿನ್ ಪರೀಕ್ಷೆ. ಕಾರನ್ನು ಒಂದು ಕಡೆ ನಿಲ್ಲಿಸಿ ಆಕ್ಸಿಲರೇಟರ್ ತುಳಿದರು. ಎಂಜಿನ್ ಭೋರ್ಗರೆಯಿತು. ಕುಂಯ್ ಬರಲಿಲ್ಲ. ಕೈಗಳು ತೊಡೆಯ ಮೇಲೇ ಇದ್ದವು. “ಎಂಜಿನ್ ಪಾಸು” ಎಂದರು. ಮರುದಿನ ಗೇರಿನ ಸರದಿ. ಓಡುವ ಕಾರನ್ನು ನ್ಯೂಟ್ರಲ್ಲಿಗೆ ಹಾಕಿ, ಹಾಗೇ ಉರುಳಲು ಬಿಟ್ಟರು. ಕುಂಯ್ ನಿಲ್ಲಲಿಲ್ಲ, ಕೈಗಳೂ ಇಳಿಯಲಿಲ್ಲ. “ಗೇರ್ ಬಾಕ್ಸ್ ಪಾಸು.” ಆಮೇಲೆ ಟೈರು. ಹೊಸ ಡಾಂಬರಿನ ಮೇಲೆ ಒಂದು ಸಲ, ಕಿತ್ತುಹೋದ ಹಳೆಯ ರಸ್ತೆಯ ಮೇಲೆ ಒಂದು ಸಲ. ರಸ್ತೆ ಬದಲಾದರೂ ಕುಂಯ್ ಬದಲಾಗಲಿಲ್ಲ. “ಟೈರ್ ಪಾಸು.” ಅಷ್ಟು ಧಾರಾಳವಾಗಿ ಪಾಸು ಮಾಡಿದ್ದನ್ನು ಅವರ ಗಣಿತದ ವಿದ್ಯಾರ್ಥಿಗಳು ಕಂಡಿದ್ದರೆ ಅತ್ತುಬಿಡುತ್ತಿದ್ದರು.

ಪ್ರತಿಸಲವೂ ನಮ್ಮ ಕೈ ಮೇಲೆದ್ದ ಕೂಡಲೇ ಅವರು ಕಣ್ಣು ಅರ್ಧ ಮುಚ್ಚಿ ತಲೆದೂಗಿ, “ಕಾಳಿ ಎರಡು!” ಎನ್ನುತ್ತಿದ್ದರು. ಹಾರ್ಮೋನಿಯಂನ ಕರಿ ಮನೆಗಳಲ್ಲಿ ಎರಡನೆಯದು, ಗವಾಯಿಗಳು ತಮ್ಮ ಶ್ರುತಿಯನ್ನು ಹೇಳುವ ಕ್ರಮ ಅದು. ನಮ್ಮ ಮುಲ್ಲಾ ಸರ್ ಯಮನೂರಿನವರು. ಅವರ ಮನೆಯಲ್ಲಿ ತಲೆತಲಾಂತರದ ಹಾರ್ಮೋನಿಯಂ ಇದೆ, ದರ್ಗಾದ ಹಾಡಿಕೆಗೆ ಅವರೇ ಬಾರಿಸುತ್ತಾರೆ. ಒಂದು ದಿನ ಸ್ಟಾಫ್ ರೂಮಿನಲ್ಲಿ ನನ್ನ ಹತ್ತಿರ ಬಂದು ಮೆಲ್ಲಗೆ ಹೇಳಿದರು.

“ಅಕ್ಕೋರ, ಅದು ಕಾಳಿ ಎರಡಲ್ರಿ.”

“ಮತ್ತೇನ್ರಿ?”

“ಅದು ಏರಕೋತ ಹೋಗೂ ಆವಾಜ್. ಒಂದ ಮನಿಯಾಗ ನಿಂದ್ರಂಗಿಲ್ಲ. ಇವರು ದಿನಾ ಕಾಳಿ ಎರಡಂತಾರ. ಹಳ್ಳ ಬಂದ್ರೂ ಕಾಳಿ ಎರಡು, ದಿಬ್ಬ ಬಂದ್ರೂ ಕಾಳಿ ಎರಡು.”

“ಹೋಗ್ಲಿ ಬಿಡ್ರಿ, ಕುಂದಗೋಳದ ಕಿವಿ” ಎಂದೆ. ಮುಲ್ಲಾ ಸರ್ ನಗಲಿಲ್ಲ. ಇನ್ನೇನೋ ಹೇಳುವವರಿದ್ದರು, ಗಂಟೆ ಹೊಡೆಯಿತು.

ಇನ್ನು ಉಳಿದದ್ದು ಚಕ್ರದ ಬೇರಿಂಗ್. ಅದನ್ನು ಹಿಡಿಯಲು ತಿರುವು ಬೇಕು. ಕಾರು ಬಲಕ್ಕೆ ತಿರುಗಿದರೆ ಭಾರ ಎಡಗಡೆಯ ಚಕ್ರಗಳ ಮೇಲೆ ಬೀಳುತ್ತದೆ, ಆಗ ಆವಾಜ್ ಏರಿದರೆ ಎಡಗಡೆಯ ಬೇರಿಂಗ್ ಕೆಟ್ಟಿದೆ ಎಂದರ್ಥ. ಹೀಗೆಂದು ಚಿತ್ರ ಬರೆದು ವಿವರಿಸಿದರು. ಪಾಠ ಚೆನ್ನಾಗಿತ್ತು, ಊರು ಸರಿಯಿರಲಿಲ್ಲ. ನಮ್ಮ ಎರೆನಾಡಿನಲ್ಲಿ ತಿರುವೆಲ್ಲಿಂದ ಬರಬೇಕು? ರಸ್ತೆ ಹೊರಟಿತೆಂದರೆ ದಾರ ಹಿಡಿದು ಎಳೆದ ಹಾಗೆ, ಕಣ್ಣು ಮುಟ್ಟುವವರೆಗೂ ಹತ್ತಿ ಕಿತ್ತ ಹೊಲ, ಕಡಲೆ ಹೊಲ. ತಿರುವಿಲ್ಲದ್ದಕ್ಕೆ ದೊಡ್ಡ ಸರ್ ಎದೆಗುಂದಲಿಲ್ಲ. ನೆಟ್ಟಗಿದ್ದ ರಸ್ತೆಯಲ್ಲಿ ತಾವೇ ತಿರುವು ಹುಟ್ಟಿಸಿದರು. ಕಾರು ಎಡದ ಅಂಚಿನಿಂದ ಬಲದ ಅಂಚಿಗೆ, ಬಲದಿಂದ ಎಡಕ್ಕೆ ಹೊಯ್ದಾಡತೊಡಗಿತು. ಬಡಿಗೇರ ಸರ್ ಮೇಲಿನ ಹಿಡಿಕೆ ಹಿಡಿದು ಮನೆದೇವರನ್ನು ನೆನೆದರು. ನಾನು ಒಂದು ಕೈಯಲ್ಲಿ ಬುತ್ತಿ ಚೀಲ ಹಿಡಿದು ಇನ್ನೊಂದು ಕೈಯನ್ನು ಎತ್ತುತ್ತಲೂ ಇಳಿಸುತ್ತಲೂ ಇದ್ದೆ.

ಎದುರಿಗೆ ಕುರಿ ಹಿಂಡು ಬಂತು. ಹಿಂಡಿನ ಯಜಮಾನ ಕೋಲು ಅಡ್ಡ ಹಿಡಿದು ನಿಂತು, ಕಾರು ಪಕ್ಕಕ್ಕೆ ಬಂದ ಮೇಲೆ ಕಿಟಕಿಯೊಳಗೆ ಬಗ್ಗಿ ಕೂಗಿದ: “ಏನ್ರಿ ಮಾಸ್ತರ, ಮುಂಜ್ ಮುಂಜಾನೆನ ಏರಿಸಿ ಬಂದೀರೇನು?”

ದೊಡ್ಡ ಸರ್ ಅವನತ್ತ ತಿರುಗಿ ಕೈ ಜೋಡಿಸಿ, “ಆರಾಮ ಅದೀನಿ. ನೀವು ಆರಾಮ?” ಎಂದರು.

ಅಷ್ಟು ದೊಡ್ಡ ಬೈಗುಳಕ್ಕೆ ಅಷ್ಟು ಸಣ್ಣ ಸಿಟ್ಟೂ ಬಾರದ ಅವರ ಸಹನೆಯನ್ನು ಕಂಡು ನನಗೆ ಆ ದಿನ ಅವರ ಮೇಲೆ ಸ್ವಲ್ಪ ಗೌರವ ಬಂತು. ಕುರಿಯವನಂತೂ ಕೋಲು ಇಳಿಸಿ ಬಾಯಿ ತೆರೆದು ನಿಂತುಬಿಟ್ಟ.

ಅಷ್ಟರಲ್ಲಿ ಚುನಾವಣೆ ಬಂತು. ಚುನಾವಣಾ ತರಬೇತಿಗೆಂದು ನಮ್ಮನ್ನೆಲ್ಲ ನವಲಗುಂದಕ್ಕೆ ಕರೆದಿದ್ದರು. ದಾರಿಯಲ್ಲಿ ತಪಾಸಣೆಯವರು ಬ್ಯಾರಿಕೇಡ್ ಹಾಕಿ ಕೂತಿದ್ದರು. ದೂರದಿಂದ ಒಂದು ಬಿಳಿ ಕಾರು ಬರುತ್ತಿದೆ, ಒಳಗಿದ್ದ ಮೂವರು ಕೈಯೆತ್ತಿ ಅಂಗೈ ತೋರಿಸುತ್ತಿದ್ದಾರೆ. ಅದು ಯಾವ ಪಕ್ಷದ ಗುರುತು ಎಂದು ನಾನು ಹೇಳಬೇಕಾಗಿಲ್ಲ. ಕಾರು ನಿಲ್ಲಿಸಿ ಇಳಿಸಿದರು. ಸರಕಾರಿ ನೌಕರರು ಹಾಡಹಗಲೇ ಪ್ರಚಾರ ಮಾಡುತ್ತಿದ್ದೀರಲ್ಲ ಎಂದು ಗದರಿಸಿದರು. “ಪ್ರಚಾರ ಅಲ್ರಿ, ಹಿಂದಿನ ಬೇರಿಂಗ್ ನೋಡಾಕತ್ತಿದ್ವಿ” ಎಂದು ಬಡಿಗೇರ ಸರ್ ಸತ್ಯವನ್ನೇ ಹೇಳಿದರು. ಅದನ್ನು ಯಾರು ನಂಬುತ್ತಾರೆ? ಕಡೆಗೆ ತಪಾಸಣೆಯ ಅಧಿಕಾರಿಯನ್ನೇ ಹಿಂದೆ ಕೂಡಿಸಿಕೊಂಡು ದೊಡ್ಡ ಸರ್ ಒಂದು ಸುತ್ತು ಹೊಡೆದರು. ವಾಪಸು ಬರುವಾಗ ಆ ಅಧಿಕಾರಿಯ ಕೈಯೂ ಮೇಲಿತ್ತು.

ಫಲಿತಾಂಶ ಹೊರಬಿದ್ದದ್ದು ಯುಗಾದಿಗೆ ಸ್ವಲ್ಪ ಮೊದಲು. ಬಲಕ್ಕೆ ಹೊರಳಿದಾಗಲೆಲ್ಲ ಆವಾಜ್ ಏರುತ್ತಿತ್ತು, ಎಡಕ್ಕೆ ಹೊರಳಿದರೆ ಇಳಿಯುತ್ತಿತ್ತು. ಮುಂದಿನ ಕಿವಿಗಿಂತ ನನ್ನ ಕಿವಿಗೆ ಜೋರಾಗಿತ್ತು. “ಹಿಂದಿನ ಎಡ ಚಕ್ರದ ಬೇರಿಂಗ್ ನಾಪಾಸು” ಎಂದು ದೊಡ್ಡ ಸರ್ ಘೋಷಿಸಿದರು. ಅಣ್ಣಿಗೇರಿಯ ಗ್ಯಾರೇಜಿನವನು ಟೈರು ಬದಲಿಸಿರಿ ಎಂದು ಹಟ ಹಿಡಿದ. ಇವರು ಬೋರ್ಡಿಗೆ ಕರೆಯಲಿಲ್ಲ ಎನ್ನುವುದೊಂದೇ, ಉಳಿದ ಪಾಠವನ್ನೆಲ್ಲ ಮಾಡಿದರು. ಅವನು ಬೇಸತ್ತು ಚಕ್ರ ಬಿಚ್ಚಿ, ಬೇರಿಂಗ್ ತೆಗೆದು ಕೈಯಲ್ಲಿ ತಿರುಗಿಸಿದರೆ ಅದು ಮರಳು ತುಂಬಿದ ಹಾಗೆ ಕರಕರ ಎಂದಿತು. ಹೊಸದು ಹಾಕಿಸಿದರು. ಕುಂಯ್ ಹೋಯಿತು. ನಾನು ಒಪ್ಪಲೇಬೇಕು, ಅವರ ತೀರ್ಪು ಅಗದಿ ಬರೋಬ್ಬರಿ ಇತ್ತು. ಆ ಮೇಲೆ ವಾರವಿಡೀ ಅವರು ಕಿವಿಯ ಹಾಲೆ ಹಿಡಿದುಕೊಂಡೇ ಓಡಾಡಿದರು.

ಯುಗಾದಿಗೆ ಮಗಳು ಬಂದಳು. ವಿಜಯೋತ್ಸವಕ್ಕೆಂದು ನನ್ನನ್ನೂ ಮುಲ್ಲಾ ಸರ್ ಅವರನ್ನೂ ಊಟಕ್ಕೆ ಕರೆದಿದ್ದರು. ಹೋಳಿಗೆ ಇಳಿಯುವ ಮೊದಲೇ ಮಗಳು, “ನಡೀ ಅಪ್ಪಾ, ಒಂದ ರೌಂಡ್ ಹೋಗಿ ಬರೂಣು” ಎಂದಳು. ನಾವಿಬ್ಬರೂ ನಮ್ಮ ನಮ್ಮ ಕಿವಿಯ ಜಾಗದಲ್ಲಿ ಕೂತೆವು. ಮಗಳು ಮುಂದೆ ಕೂತು ಮೊದಲು ಮಾಡಿದ ಕೆಲಸವೆಂದರೆ ಕನ್ನಡಿಗೆ ಕೈ ಹಾಕಿದ್ದು.

“ಅಪ್ಪಾ, ಕನ್ನಡಿ ರಸ್ತಾ ನೋಡಾಕ ಇರೂದು. ಮಂದಿ ಮಾರಿ ನೋಡಾಕಲ್ಲ” ಎಂದು ಅದನ್ನು ನೆಟ್ಟಗೆ ತಿರುಗಿಸಿದಳು. ನಮ್ಮ ಕಡೆ ಹೊರಳಿ, “ಅಕ್ಕೋರ, ಸರ, ತಪ್ಪ ತಿಳಕೋಬ್ಯಾಡ್ರಿ. ನೀವೇನೂ ಹೇಳಬ್ಯಾಡ್ರಿ. ಅಪ್ಪಗ ನಾ ಕೇಳ್ತೇನಿ” ಎಂದಳು.

ಕಾರು ಊರು ದಾಟಿತು. ವೇಗ ಹಿಡಿಯಿತು. ಒಳಗೆ ಗಾಳಿಯ ಸದ್ದು ಬಿಟ್ಟರೆ ಏನೂ ಇಲ್ಲ. ಮಗಳು ಮುಖವನ್ನು ಕಿಟಕಿಯ ಕಡೆ ತಿರುಗಿಸಿಕೊಂಡಿದ್ದಳು. ಸ್ವಲ್ಪ ಹೊತ್ತಾದ ಮೇಲೆ ಅಪ್ಪನತ್ತ ಹೊರಳಿ, ಒಂದೊಂದೇ ಶಬ್ದ ಬಿಡಿಸಿ ಕೇಳಿದಳು.

“ಹೇಳಪ್ಪಾ. ಈಗ ಆವಾಜ್ ಐತೋ, ಇಲ್ಲೋ?”

ದೊಡ್ಡ ಸರ್ ಕನ್ನಡಿ ನೋಡಿದರು. ಅಲ್ಲಿ ಖಾಲಿ ರಸ್ತೆ ಇತ್ತು. ಅವರ ಕತ್ತಿನ ಹಿಂದೆ ಬೆವರು ಮೂಡಿತು. ಇದ್ದಕ್ಕಿದ್ದಂತೆ ಕಾರನ್ನು ರಸ್ತೆಯ ಅಂಚಿಗೆ ನಿಲ್ಲಿಸಿ, ಸೀಟಿನಲ್ಲಿ ಪೂರ್ತಿ ಹಿಂದಕ್ಕೆ ಹೊರಳಿ, “ಅಕ್ಕೋರ, ಬಾಗಲಾ ಬರೋಬ್ಬರಿ ಹಾಕೀರಿಲ್ಲ?” ಎಂದರು.

ಕೇಳಿದ್ದು ಬಾಗಿಲು. ನೋಡಿದ್ದು ನನ್ನ ಕೈ.

ಪರೀಕ್ಷೆಯ ಕೋಣೆಯಲ್ಲಿ ಮೇಲ್ವಿಚಾರಣೆ ಮಾಡಿ ಮಾಡಿ ನನ್ನ ಕಣ್ಣು ಪಳಗಿದೆ. ಓದದೆ ಬಂದ ಹುಡುಗ ಪಕ್ಕದವನ ಪೇಪರಿನ ಕಡೆ ಹೊರಳಿಸುವ ಆ ನೋಟವನ್ನು ನಾನು ಎಷ್ಟು ದೂರದಿಂದಲಾದರೂ ಗುರುತಿಸಬಲ್ಲೆ. ನಮ್ಮ ದೊಡ್ಡ ಸರ್, ಕುಂದಗೋಳದ ಕಿವಿಯ ಒಡೆಯರು, ಅದೇ ನೋಟದಿಂದ ನನ್ನ ಕೈಯನ್ನು ನೋಡುತ್ತಿದ್ದರು. ಅವರಿಗೆ ಆ ಆವಾಜ್ ಎಂದೂ ಕೇಳಿಸಿರಲಿಲ್ಲ. ಇದ್ದಾಗಲೂ ಕೇಳಿಸಿರಲಿಲ್ಲ, ಹೋದಾಗಲೂ ಕೇಳಿಸಿರಲಿಲ್ಲ. ಬೋರ್ಡಿಗೆ ಬಾ ಎಂದದ್ದು, ಫೋನನ್ನು ಕೈಗೆ ಕೊಟ್ಟದ್ದು, ಮೇಜಿನ ಮುಂದೆ ನಿಲ್ಲಿಸಿ ತುಟಿಯನ್ನೇ ನೋಡುತ್ತಿದ್ದುದು, ಕುರಿಯವನಿಗೆ ಕೈ ಜೋಡಿಸಿದ್ದು ಎಲ್ಲ ಒಟ್ಟಿಗೆ ಬಂದು ನನ್ನ ಮುಂದೆ ನಿಂತವು. ಇಡೀ ಬೇರಿಂಗಿನ ಲೆಕ್ಕವನ್ನು ಅವರು ನಮ್ಮ ಕೈ ನೋಡಿಯೇ ಬಿಡಿಸಿದ್ದರು.

ನನ್ನ ಕೈಗಳು ತೊಡೆಯ ಮೇಲಿದ್ದವು. ಆವಾಜ್ ಇಲ್ಲದ ಮೇಲೆ ಬೇರೆಲ್ಲಿರಬೇಕು? “ಹಾಕೇನ್ರಿ ಸರ” ಎಂದೆ. ಅವರ ಮುಖ ಅರಳಿತು. ಮಗಳ ಕಡೆ ಹೊರಳಿ, “ಆವಾಜಾ? ಎಲ್ಲೀದು ಆವಾಜ್? ಕುಂದಗೋಳದ ಕಿವಿಗೆ ಸವಾಲ್ ಮಾಡ್ತಿಯೇನವಾ?” ಎಂದು ಗಹಗಹಿಸಿ ನಕ್ಕರು.

“ಓಡೂ ಗಾಡಿದು ಕೇಳಿದ್ರ ನಿಂದ್ರಿಸಿ ಹೇಳಿದಿ” ಎಂದಳು ಮಗಳು. ಆದರೆ ಉತ್ತರ ಸರಿಯಿತ್ತು. ವಕೀಲರು ಸರಿಯುತ್ತರವನ್ನು ಒಪ್ಪದೆ ಏನು ಮಾಡುತ್ತಾರೆ? ಕಾರು ಉಳಿಯಿತು.

ಹಿಂದಿರುಗುವಾಗ ಮುಲ್ಲಾ ಸರ್ ಓಣಿಯ ತಿರುವಿನಲ್ಲಿ ನಿಂತು, “ಈಗ ತಿಳೀತೇನ್ರಿ ಅಕ್ಕೋರ?” ಎಂದರು.

“ನಿಮಗ ಯಾವಾಗ ತಿಳೀತು?”

“ಕಾಳಿ ಎರಡು ಅಂದ ದಿನಾನ. ಹೇಳಬೇಕಂದೆ. ಹೇಳಿ ಏನ್ ಮಾಡೂದೈತಿ? ಹೇಳಿದ ಕೂಡ್ಲೇ ಅವರು ಕುರ್ಚಿ ಹಾಕ್ಕೊಂಡ ಅಂಗಳದಾಗ ಕೂಡಬೇಕಲ್ಲ.”

ಹಾಗಾಗಿ ನಾವು ಹೇಳಲಿಲ್ಲ. ಆದರೆ ನಮ್ಮ ಪಗಾರದ ನೌಕರಿಯ ಜೊತೆಗೆ ಇನ್ನೊಂದು ನೌಕರಿ ಗಂಟುಬಿತ್ತು. ಹಿಂದಿನಿಂದ ಬಸ್ಸು ಹಾರ್ನ್ ಹಾಕಿದರೆ ನಾನು ಎಡಗೈ ಎತ್ತುವುದು. ಟ್ರ್ಯಾಕ್ಟರ್ ಸದ್ದು ಬಲಕ್ಕೆ ಬಂದರೆ ಮುಲ್ಲಾ ಸರ್ ಬಲಗೈ ಎತ್ತುವುದು. ಅವರು ಏನೂ ಕೇಳದವರಂತೆ, ಅಂದರೆ ಇದ್ದಂತೆಯೇ, ಕಾರನ್ನು ಪಕ್ಕಕ್ಕೆ ತೆಗೆದುಕೊಳ್ಳುತ್ತಿದ್ದರು. ನಮಗೆ ಗೊತ್ತಿದೆ ಎಂದು ಅವರಿಗೆ ಗೊತ್ತಿತ್ತೇ? ಒಮ್ಮೆಯೂ ಬಾಯಿಬಿಡಲಿಲ್ಲ. ಒಮ್ಮೆ ಮಾತ್ರ ನಾನು ಜ್ವರ ಬಂದು ಮನೆಯಲ್ಲಿದ್ದಾಗ ಹೆಂಡತಿಯ ಕೈಯಲ್ಲಿ ಗಂಜಿ ಕೊಟ್ಟು ಕಳಿಸಿದ್ದರು. “ಲಗೂ ಆರಾಮ ಆಗಬೇಕಂತ ಹೇಳ್ಯಾರ ನೋಡ್ರಿ, ಗಾಡಿ ಹೊರಗ ತಗದಿಲ್ಲ ಇವತ್ತು” ಎಂದರು ಆ ತಾಯಿ.

ಮುಂದಿನ ವರ್ಷ ಅವರು ನಿವೃತ್ತರಾದರು. ಶಾಲು ಹೊದಿಸಿದೆವು, ಹಣ್ಣು ಕೊಟ್ಟೆವು, ಭಾಷಣ ಮಾಡಿದೆವು. ಸರಕಾರ ಅವರ ಪಿಂಚಣಿಗೆ ವ್ಯವಸ್ಥೆ ಮಾಡಿತು. ಕಿವಿಗೆ ಯಾವ ವ್ಯವಸ್ಥೆಯೂ ಇರಲಿಲ್ಲ. ಮೂರು ಕಿವಿಗಳೂ ಬಸ್ಸು ಹಿಡಿದು ಶಾಲೆಗೆ ಹೋದವು, ಅವರು ಒಬ್ಬರೇ ಕಾರು ಹೊಡೆಯತೊಡಗಿದರು. ಇನ್ನಾದರೂ ಕಿವಿ ತೋರಿಸಿಕೊಳ್ಳಿ ಎಂದು ಮುಲ್ಲಾ ಸರ್ ದೊಡ್ಡ ಸರ್ ಹೆಂಡತಿಯ ಮೂಲಕ ಹೇಳಿಸಿದರಂತೆ. “ನನ್ನ ಕಿವಿಗೇನಾಗೇತಿ?” ಎಂದರಂತೆ.

ಶಾಲೆಯ ಗ್ಯಾದರಿಂಗ್, ಅಂದರೆ ವಾರ್ಷಿಕೋತ್ಸವ, ಬಂತು. ಮುಖ್ಯ ಅತಿಥಿಯಾಗಿ ಅವರನ್ನೇ ಕರೆದೆವು. ಕರೆದುಕೊಂಡು ಬರುತ್ತೇವೆ ಎಂದರೆ ಒಪ್ಪಲಿಲ್ಲ, “ನನ್ನ ಗಾಡಿ ಐತಿ” ಎಂದರು. ಮಕ್ಕಳನ್ನು ಗೇಟಿನಿಂದ ಒಳಗಿನವರೆಗೆ ಎರಡು ಸಾಲಾಗಿ ನಿಲ್ಲಿಸಿ, ಹಾರ ಹಿಡಿದು ನಾವು ಕಾಯುತ್ತಿದ್ದೆವು. ದೂರದಲ್ಲಿ ಒಂದು ಸದ್ದು ಹುಟ್ಟಿತು. “ಗಿರಣಿ ಬೆಲ್ಟ್ ಹರದಿರಬೇಕು” ಎಂದರು ಬಡಿಗೇರ ಸರ್. ಸದ್ದು ಹತ್ತಿರ ಬಂತು. ಈ ಸಲ ಅದು ಕುಂಯ್ ಅಲ್ಲ, ಕಿವಿಯೊಳಗೆ ಮೊಳೆ ಹೊಡೆದ ಹಾಗೆ ಕಿರ್ರೆಂಬ ಚೀರಾಟ. ಹೊಲದಲ್ಲಿ ಕಡಲೆ ಕೀಳುತ್ತಿದ್ದ ಹೆಣ್ಣುಮಕ್ಕಳು ಎದ್ದು ನಿಂತು ಸೆರಗಿನಿಂದ ಕಿವಿ ಮುಚ್ಚಿಕೊಂಡರು. ಕಟ್ಟೆಯ ಮೇಲಿದ್ದವರು ಇಳಿದು ಬಂದರು. ನಾಯಿಗಳು ಹಿಂದೆ ಓಡಿ ಬರುತ್ತಿದ್ದವು. ಅವುಗಳ ನಡುವೆ ಬಿಳಿ ಕಾರು, ಒಳಗೆ ಇಸ್ತ್ರಿ ಮಾಡಿದ ಬಿಳಿ ಅಂಗಿಯ ನಮ್ಮ ದೊಡ್ಡ ಸರ್, ಎಡಕ್ಕೂ ಬಲಕ್ಕೂ ಕೈ ಬೀಸುತ್ತ, ನಗುತ್ತ ಬಂದರು.

ಇಳಿದವರ ಮುಖದಲ್ಲಿ ಸಂತೋಷ ಹಿಡಿಸಲಾರದಷ್ಟಿತ್ತು. “ನೋಡ್ರಿ ಅಕ್ಕೋರ, ರಿಟೈರ್ ಆದ್ರೂ ಮಂದಿ ಮರತಿಲ್ಲ. ಹೊಲದಾಗಿನ ಹೆಣ್ಮಕ್ಕಳೂ ಎದ್ದ ನಿಂತ ನೋಡಿದ್ರು. ದಾರಿಗುಂಟ ಎಲ್ಲಾರೂ ಗುರ್ತ ಹಿಡದ್ರು!”

ನನಗೆ ಆಗ ನಗು ಬರಲಿಲ್ಲ. ಈ ಮನುಷ್ಯ ಹೀಗೆಯೇ ಕೈ ಬೀಸುತ್ತ ಒಂದು ದಿನ ಲಾರಿಯ ಕೆಳಗೆ ಹೋಗುತ್ತಾರೆ ಎಂದು ಅಳು ಬಂತು.

ಹಾರ ಹಾಕಿಸಿಕೊಂಡು ಅವರು ಅಭ್ಯಾಸಬಲದಿಂದ ಕೇಳಿದರು, “ಗಾಡಿ ಹೆಂಗ ಐತಿ ಅಂತೀರಿ?”

ನಾನು ಕೈ ಎತ್ತಿದೆ. ಎಷ್ಟು ಎತ್ತರಕ್ಕೆ ಹೋಗುತ್ತದೋ ಅಷ್ಟೂ ಎತ್ತಿದೆ. ಅವರು ನನ್ನನ್ನು ನೋಡಿ ನಕ್ಕರು, ಮುಲ್ಲಾ ಸರ್ ಕಡೆ ಹೊರಳಿದರು. ಮುಲ್ಲಾ ಸರ್ ಕೈಯೂ ಮೇಲಿತ್ತು. ಬಡಿಗೇರ ಸರ್ ಕೈಯೂ ಎದ್ದಿತು. ಮಾಸ್ತರರೆಲ್ಲ ಕೈ ಎತ್ತಿದ್ದನ್ನು ಕಂಡು, ಇದೂ ಸ್ವಾಗತದ ಒಂದು ಭಾಗವಿರಬೇಕೆಂದು ಸಾಲಿನಲ್ಲಿದ್ದ ಮಕ್ಕಳೂ ಒಬ್ಬೊಬ್ಬರಾಗಿ ಕೈ ಎತ್ತಿದರು. ಗೇಟಿನಿಂದ ವೇದಿಕೆಯವರೆಗೆ ಬರೀ ಕೈಗಳೇ. ಜೀವಮಾನವೆಲ್ಲ ‘ಕೈ ಎತ್ರಿ’ ಎಂದವರು ಅಷ್ಟೊಂದು ಕೈ ಒಟ್ಟಿಗೆ ಎದ್ದದ್ದನ್ನು ಕಂಡಿರಲಿಕ್ಕಿಲ್ಲ. ಅವರ ನಗು ನಿಧಾನವಾಗಿ ಇಳಿಯಿತು. ಕಾರಿನ ಕಡೆ ನೋಡಿದರು. ತಾವು ಬಂದ ರಸ್ತೆಯನ್ನು ನೋಡಿದರು. ಅಲ್ಲಿ ನಾಯಿಗಳು ಇನ್ನೂ ನಿಂತಿದ್ದವು.

ಅಂದು ಅವರು 'ಕಾಳಿ ಎರಡು' ಎನ್ನಲಿಲ್ಲ. ಕಾರ್ಯಕ್ರಮದಲ್ಲಿ ಚುಟುಕಾಗಿ ಮಾತಾಡಿ ಕೂತರು. ಮುಗಿದ ಮೇಲೆ ಜೇಬಿನಿಂದ ಕಾರಿನ ಕೀಲಿ ತೆಗೆದು ಮುಲ್ಲಾ ಸರ್ ಅಂಗೈಯಲ್ಲಿಟ್ಟರು. “ನೀವ ಹೊಡೀರಿ. ನಾ ಹಿಂದ ಕೂಡ್ತೇನಿ” ಎಂದರು. ಆ ಕೀಲಿಯನ್ನು ಮತ್ತೆ ಅವರು ಕೇಳಲಿಲ್ಲ.

ನವಲಗುಂದದ ಗ್ಯಾರೇಜಿನವರೆಗೆ ಕಾರನ್ನು ನಿಧಾನವಾಗಿ ಒಯ್ಯಬೇಕಿತ್ತು. ದೊಡ್ಡ ಸರ್ ನನ್ನ ಜಾಗದಲ್ಲಿ, ಹಿಂದಿನ ಎಡಗಡೆಗೆ ಕೂತರು. ನಾನು ಅವರ ಪಕ್ಕದಲ್ಲಿ ಕೂತೆ. ಮುಲ್ಲಾ ಸರ್ ಕನ್ನಡಿಯನ್ನು ನಮ್ಮ ಕಡೆಗೆ ತಿರುಗಿಸಿಕೊಂಡು ಕಾರು ಬಿಟ್ಟರು. ಕೆಳಗಿನ ಚಕ್ರ ಮತ್ತೆ ಚೀರತೊಡಗಿತು. ದೊಡ್ಡ ಸರ್ ಸ್ವಲ್ಪ ಹೊತ್ತು ಹೊರಗೆ ನೋಡುತ್ತಿದ್ದರು. ಆಮೇಲೆ ಎಡಗೈಯನ್ನು ಬಾಗಿಲಿಗೆ ಒತ್ತಿ ಹಿಡಿದರು. ಬಾಗಿಲು ನಡುಗುತ್ತಿತ್ತು, ಅವರ ಬೆರಳುಗಳೂ ನಡುಗುತ್ತಿದ್ದವು. ಹಾಗೆಯೇ ಕೂತಿದ್ದವರು, ಉತ್ತರ ಹೊಳೆದ ಹುಡುಗನ ಹಾಗೆ, ಬಲಗೈಯನ್ನು ಮೆಲ್ಲಗೆ ಮೇಲೆತ್ತಿದರು.

ಮುಲ್ಲಾ ಸರ್ ಕನ್ನಡಿಯಲ್ಲಿ ಅವರ ಮುಖ ನೋಡಿ, ತುಟಿ ಸ್ಪಷ್ಟವಾಗಿ ಕಾಣುವ ಹಾಗೆ ಹೇಳಿದರು, “ಹೌದ್ರಿ ಸರ. ಏರೇತಿ.”